ಅಜ್ಜಿಯ ಕೈ ಮತ್ತು ಹದಿನೈದರಲ್ಲೊಂದು ಸೆಕೆಂಡ್

ನನ್ನ ಹಳೇ ಹಾರ್ಡ್ ಡಿಸ್ಕಲ್ಲಿ ಒಂದು ಫೋಟೋ ಇದೆ. ಅಜ್ಜಿ ಕಿಟಕಿ ಪಕ್ಕ ಕೂತು ಸೂಜಿಗೆ ದಾರ ಪೋಣಿಸ್ತಿದಾಳೆ. ಸಂಜೆ ಹೊತ್ತು, ಬೆಳಕು ಒಂದೇ ಕಡೆಯಿಂದ ಬಿದ್ದಿದೆ, ಕನ್ನಡಕ ಮೂಗಿನ ತುದಿಗೆ ಜಾರಿದೆ, ತುಟಿ ಬಿಗಿ ಹಿಡಿದಿದಾಳೆ. ಮುಖದ ಸುಕ್ಕು ಒಂದೊಂದನ್ನೂ ಎಣಿಸಬಹುದು, ಕಿಟಕಿ ಚೌಕಟ್ಟಿನ ಬಣ್ಣ ಎದ್ದಿರೋದೂ ಕಾಣತ್ತೆ. ಆದ್ರೆ ಬಲಗೈ ಇರಬೇಕಾದ ಜಾಗದಲ್ಲಿ ಹೊಗೆ ತರ ಏನೋ ಇದೆ ಅಷ್ಟೆ. ಸೂಜಿ ಅಂತೂ ಇಲ್ವೇ ಇಲ್ಲ.

ಕ್ಯಾಮೆರಾ ಕೈಗೆ ಬಂದು ಆಗಿನ್ನೂ ಒಂದು ತಿಂಗಳಾಗಿರ್ಲಿಲ್ಲ. ಫೋಕಸ್ ತಪ್ಪಿದೆ ಅಂದ್ಕೊಂಡೆ, ಆಮೇಲೆ ಲೆನ್ಸೇ ಸರಿ ಇಲ್ಲ ಅಂದ್ಕೊಂಡೆ, ಇದಕ್ಕಿಂತ ಒಳ್ಳೇದು ಬೇಕು ಅಂತ ಎಷ್ಟೋ ದಿನ ಅದನ್ನೇ ಯೋಚನೆ ಮಾಡ್ತಿದ್ದೆ. ಬಹಳ ದಿನ ಆದ್ಮೇಲೆ ಫೋಟೋದ ಡೀಟೇಲ್ಸ್ ತೆಗೆದು ನೋಡಿದ್ರೆ ಉತ್ತರ ಅಲ್ಲೇ ಬರ್ದಿತ್ತು: 1/15 ಸೆಕೆಂಡ್ ಶಟರ್, 35 ಮಿಮೀ ಲೆನ್ಸ್, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 400. ಶಟರ್ ಸ್ಪೀಡ್ ಅಂದ್ರೇನು ಅಂತ ನಾನು ಅದಕ್ಕೂ ಮೊದ್ಲೇ ಓದಿದ್ದೆ, ಯಾರಾದ್ರೂ ಕೇಳಿದ್ರೆ ಹೇಳೋಕೂ ಬರ್ತಿತ್ತು. ಆದ್ರೆ ಆ ಹೊಗೆಯಂಥ ಕೈ ನೋಡಿ 'ಓ, ಇದು ಹದಿನೈದರಲ್ಲೊಂದು ಸೆಕೆಂಡು' ಅಂತ ಗುರುತು ಹಿಡಿಯೋಕೆ ಬರ್ತಿರ್ಲಿಲ್ಲ. ಹೊಸದಾಗಿ ಕಲೀತಿರೋರಿಗೆ ನಾನು ಹೇಳಬೇಕು ಅಂತಿರೋದು ಇದನ್ನೇ, ನಂಬರ್ ಆಮೇಲೆ ಬರತ್ತೆ, ಮೊದ್ಲು ನಿಮ್ಮ ಕೆಟ್ಟ ಫೋಟೋಗಳಲ್ಲಿರೋ ಮಸುಕನ್ನ ಓದೋಕೆ ಕಲೀರಿ.

ಅದನ್ನ ಓದೋದು ಕಷ್ಟ ಇಲ್ಲ. ಫೋಟೋನ ಪೂರ್ತಿ ಝೂಮ್ ಮಾಡಿ, ಫ್ರೇಮಲ್ಲಿ ಅಲ್ಲಾಡೋಕೆ ಸಾಧ್ಯವೇ ಇಲ್ಲದ ವಸ್ತು ಒಂದನ್ನ ಹುಡುಕಿ, ಗೋಡೆ ಮೂಲೆನೋ ಬಾಗಿಲ ಚಿಲಕನೋ ಏನೋ ಒಂದು. ಅದೂ ಮಸುಕಾಗಿದ್ದು, ಫ್ರೇಮಲ್ಲಿರೋ ಸಣ್ಣ ಸಣ್ಣ ಬೆಳಕಿನ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಗೀಟೆಳೆದ ಹಾಗೆ ಉದ್ದ ಆಗಿದ್ರೆ ಅಲ್ಲಾಡಿದ್ದು ನಿಮ್ಮ ಕೈ. ಚಿಲಕ ಚೂಪಾಗಿದ್ದು ಮನುಷ್ಯ ಮಾತ್ರ ಕದಡಿದ್ರೆ ಅಲ್ಲಾಡಿದ್ದು ಆ ಮನುಷ್ಯ, ನಿಮ್ಮ ಕೈದೇನೂ ತಪ್ಪಿಲ್ಲ. ಇನ್ನು ಮನುಷ್ಯನ ಕಣ್ಣು ಮೆತ್ತಗಿದ್ದು ಅವನ ಹಿಂದಿನ ಗೋಡೆನೋ ಮುಂದಿನ ಮೇಜೋ ಚೂಪಾಗಿದ್ರೆ, ಮಸುಕಿಗೆ ಯಾವ ದಿಕ್ಕೂ ಇಲ್ಲದೆ ಎಲ್ಲಾ ಕಡೆಗೂ ಸಮವಾಗಿ ಹರಡಿದ್ರೆ, ಅದು ಫೋಕಸ್ ತಪ್ಪಿರೋದು. ಈ ಮೂರೂ ಕ್ಯಾಮೆರಾದ ಚಿಕ್ಕ ಸ್ಕ್ರೀನಲ್ಲಿ ಒಂದೇ ತರ ಕಾಣತ್ತೆ, ಆದ್ರೆ ಮೂರಕ್ಕೂ ಮದ್ದು ಬೇರೆ ಬೇರೆ, ಫೋಕಸ್ ತಪ್ಪಿದ್ರೆ ಶಟರ್ ಎಷ್ಟು ಜೋರು ಮಾಡಿದ್ರೂ ಉಪಯೋಗ ಇಲ್ಲ, ಕೈ ನಡುಗಿದ್ರೆ ಟ್ರೈಪಾಡ್ ಸಾಕು, ಎದುರಿಗಿರೋರು ಅಲ್ಲಾಡಿದ್ರೆ ಟ್ರೈಪಾಡಿಂದ ಏನೂ ಆಗಲ್ಲ. ಅಜ್ಜಿ ಫೋಟೋದಲ್ಲಿ ಕಿಟಕಿ ಚೌಕಟ್ಟು ಚೂಪಾಗಿತ್ತು, ಮುಖ ಚೂಪಾಗಿತ್ತು. ಅಂದ್ರೆ ಲೆನ್ಸ್ ತನ್ನ ಕೆಲಸ ಸರಿಯಾಗೇ ಮಾಡಿತ್ತು.

ಹಾಗಾದ್ರೆ ಆ 1/15 ಸೆಕೆಂಡಲ್ಲಿ ಒಳಗೆ ಏನಾಯ್ತು? ಸೆನ್ಸರ್, ಅಂದ್ರೆ ಬೆಳಕು ಹಿಡಿಯೋ ಚಿಪ್, ಅದರ ಮುಂದೆ ಎರಡು ಪರದೆ ಇರತ್ತೆ. ಬಟನ್ ಒತ್ತಿದಾಗ ಮೊದಲ್ನೇದು ಸರಿದು ಬೆಳಕಿಗೆ ದಾರಿ ಬಿಡತ್ತೆ, ಲೆಕ್ಕ ಹಾಕಿದ ಹೊತ್ತು ಕಳೆದ ಮೇಲೆ ಎರಡನೇದು ಹಿಂದೇನೇ ಬಂದು ಮುಚ್ಚತ್ತೆ. ಇವೆರಡರ ನಡುವಿನ ಹೊತ್ತೇ ಶಟರ್ ಸ್ಪೀಡ್. ಹೆಸರಲ್ಲಿ ಸ್ಪೀಡ್ ಅಂತ ಇದ್ರೂ ಅದು ವೇಗ ಅಲ್ಲ, ಅವಧಿ. ಆ ಅವಧಿಯಲ್ಲಿ ಎದುರಿಗೆ ಏನೇನು ನಡೀತೋ ಅದೆಲ್ಲ ಒಂದರ ಮೇಲೊಂದು ಅದೇ ಚಿತ್ರಕ್ಕೆ ಬಂದು ಕೂತ್ಕೊಳತ್ತೆ. ಅಜ್ಜಿ ಬೆರಳು ಸೆಕೆಂಡಿಗೆ 15 ಸೆಂಟಿಮೀಟರ್ ವೇಗದಲ್ಲಿ ಅತ್ತಿತ್ತ ಆಡ್ತಿತ್ತು ಅಂತ ಇಟ್ಕೊಳಿ, ಹದಿನೈದರಲ್ಲೊಂದು ಸೆಕೆಂಡಿಗೆ ಅದು 1 ಸೆಂಟಿಮೀಟರ್ ಸರಿದಿರತ್ತೆ. ಬೆರಳಿನ ಅಗಲವೇ ಹೆಚ್ಚು ಕಮ್ಮಿ ಅಷ್ಟು, ಅದಕ್ಕೇ ಹೊಗೆ ತರ ಆಯ್ತು. ಸೂಜಿ ದಪ್ಪ ಒಂದು ಮಿಲಿಮೀಟರೂ ಇರಲ್ಲ, ಅದು ತನ್ನ ದಪ್ಪದ ಹತ್ತು ಪಟ್ಟಿಗಿಂತ ಜಾಸ್ತಿ ದೂರ ಸರಿದಿದೆ, ಅಷ್ಟು ಜಾಗಕ್ಕೆ ಅದರ ಹೊಳಪು ಹಂಚಿ ಹೋಗಿ ಕಾಣದೇ ಇರೋ ಹಾಗೆ ಆಗಿದೆ.

ಫೋಟೋಗ್ರಫಿ ಶುರುವಾದ ಕಾಲದಲ್ಲಿ ಇದು ಇನ್ನೂ ಢಾಳಾಗಿ ಕಾಣ್ತಿತ್ತು. 1838ರಲ್ಲಿ, ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಲೂಯಿ ದಗೇರ್ ಪ್ಯಾರಿಸ್ಸಿನ ಬುಲ್ವಾರ್ ದು ತಾಂಪ್ಲ್ ಅನ್ನೋ ರಸ್ತೆಯನ್ನ ಮೇಲಿನ ಕಿಟಕಿಯಿಂದ ತೆಗೆದ ಚಿತ್ರ ಒಂದಿದೆ. ಗಾಡಿಗಳು ಜನ ಎಲ್ಲ ಓಡಾಡ್ತಿದ್ದ ರಸ್ತೆ ಅದು, ಚಿತ್ರದಲ್ಲಿ ನೋಡಿದ್ರೆ ಖಾಲಿ ಹೊಡೀತಿದೆ. ಎಕ್ಸ್‌ಪೋಷರ್ ಎಷ್ಟೋ ನಿಮಿಷದ್ದು, ನಡೆದು ಹೋದೋರು ಯಾರೂ ಒಂದೇ ಜಾಗದಲ್ಲಿ ಸಾಕಷ್ಟು ಹೊತ್ತು ಇರ್ಲಿಲ್ಲ, ಅದಕ್ಕೆ ಅವ್ರ ಗುರುತೇ ಬೀಳ್ಲಿಲ್ಲ. ಮೂಲೆಯಲ್ಲಿ ಒಬ್ಬ ಮಾತ್ರ ಕಾಣ್ತಾನೆ, ಬೂಟು ಪಾಲಿಶ್ ಮಾಡಿಸ್ಕೊಳೋಕೆ ಕಾಲು ಮೇಲಿಟ್ಟು ನಿಂತಿದ್ದವನು. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯರಲ್ಲಿ ಅವನೊಬ್ಬ ಅಂತಾರೆ, ಹೆಸರು ಯಾರಿಗೂ ಗೊತ್ತಿಲ್ಲ. ಈ ಚಿತ್ರ ನೋಡಿದಾಗೆಲ್ಲ ನನಗೆ ಅಜ್ಜಿ ಸೂಜಿ ನೆನಪಾಗತ್ತೆ. ಆ ರಸ್ತೆಯ ಜನ ಮತ್ತು ಈ ಸೂಜಿ ಕಾಣೆಯಾಗಿದ್ದು ಒಂದೇ ಕಾರಣಕ್ಕೆ.

ಇದರ ಇನ್ನೊಂದು ತುದಿ, ಅಂದ್ರೆ ಓಡೋದನ್ನ ಚಿಕ್ಕ ಅವಧೀಲಿ ನಿಲ್ಲಿಸಿ ತೋರಿಸಿದ್ದು, ಎಡ್ವರ್ಡ್ ಮೈಬ್ರಿಜ್ ಅನ್ನೋ ಫೋಟೋಗ್ರಾಫರ್. ಕುದುರೆ ನಾಗಾಲೋಟದಲ್ಲಿ ಓಡುವಾಗ ನಾಲ್ಕೂ ಕಾಲು ಒಟ್ಟಿಗೇ ನೆಲ ಬಿಡತ್ತಾ ಅನ್ನೋದು ಆಗಿನ ಪ್ರಶ್ನೆ, ಬರೀ ಕಣ್ಣಲ್ಲಿ ನೋಡಿ ಯಾರೂ ಗ್ಯಾರಂಟಿಯಾಗಿ ಹೇಳೋಕೆ ಆಗ್ತಿರ್ಲಿಲ್ಲ. ಲೀಲ್ಯಾಂಡ್ ಸ್ಟ್ಯಾನ್‌ಫರ್ಡ್ ಅನ್ನೋ ಶ್ರೀಮಂತ ಖರ್ಚು ಹಾಕ್ಕೊಂಡ, 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಮೈಬ್ರಿಜ್ 12 ಕ್ಯಾಮೆರಾ ಸಾಲಾಗಿ ಇಟ್ಟು, ಓಡೋ ದಾರಿಗೆ ಅಡ್ಡ ದಾರ ಕಟ್ಟಿ, ಕುದುರೆ ಬಂದ ಹಾಗೆ ಒಂದೊಂದೇ ಶಟರ್ ಬೀಳೋ ಹಾಗೆ ಮಾಡಿದ. ನಾಲ್ಕೂ ಕಾಲು ನೆಲ ಬಿಡೋದು ನಿಜ ಅಂತ ಗೊತ್ತಾಯ್ತು, ಆದ್ರೆ ಅದು ಕಾಲು ಮುಂದಕ್ಕೂ ಹಿಂದಕ್ಕೂ ಚಾಚಿದಾಗ ಅಲ್ಲ, ಹೊಟ್ಟೆ ಕೆಳಗೆ ಒಟ್ಟುಗೂಡಿದಾಗ. ಅಲ್ಲೀವರೆಗೆ ಚಿತ್ರಕಾರರು ಎಷ್ಟೋ ಕಾಲದಿಂದ ಚಾಚಿದ ಕಾಲಿನ ಕುದುರೆನೇ ಬರೀತಾ ಬಂದಿದ್ರು.

ನಂಬರ್ ವಿಷಯಕ್ಕೆ ಬರೋಣ. ಕ್ಯಾಮೆರಾದಲ್ಲಿ 125 ಅಂತ ಕಂಡ್ರೆ ಅದು 1/125 ಸೆಕೆಂಡ್, ಎಷ್ಟೋ ಕ್ಯಾಮೆರಾಗಳು ಜಾಗ ಉಳಿಸೋಕೆ ಬರೀ ಕೆಳಗಿನ ಅಂಕಿ ತೋರಿಸ್ತವೆ. ಅದೇ ಅಂಕಿ ಪಕ್ಕ ಮೇಲ್ಗಡೆ ಎರಡು ಸಣ್ಣ ಗೀಟು ಇದ್ರೆ ಅದು ಪೂರ್ತಿ ಸೆಕೆಂಡು. 4 ಅಂತ ಇದ್ರೆ ಕಾಲು ಸೆಕೆಂಡ್, 4 ಪಕ್ಕ ಎರಡು ಗೀಟು ಇದ್ರೆ ನಾಲ್ಕು ಸೆಕೆಂಡ್, ಹದಿನಾರು ಪಟ್ಟು ವ್ಯತ್ಯಾಸ. ಈ ಗೀಟು ಗಮನಿಸದೆ ಡಯಲ್ ತಿರುಗಿಸಿ ಫೋಟೋ ಪೂರ್ತಿ ಬಿಳಿ ಬಂದ ಅನುಭವ ಸುಮಾರು ಜನಕ್ಕೆ ಆಗಿರತ್ತೆ. ಇನ್ನು 1/30, 1/60, 1/125, 1/250, 1/500, 1/1000 ಅಂತ ಹೋಗೋದು ಮೆಟ್ಟಿಲು ಇದ್ದ ಹಾಗೆ, ಒಂದೊಂದು ಮೆಟ್ಟಿಲು ಹತ್ತಿದಾಗ್ಲೂ ಬೆಳಕು ಅರ್ಧ ಆಗತ್ತೆ. ಒಂದು ಮೆಟ್ಟಿಲಿಗೆ ಒಂದು ಸ್ಟಾಪ್ ಅಂತಾರೆ. ಕಳ್ಕೊಂಡ ಬೆಳಕನ್ನ ಅಪರ್ಚರ್, ಅಂದ್ರೆ ಲೆನ್ಸಿನೊಳಗಿನ ತೂತು, ದೊಡ್ಡದು ಮಾಡಿಯೋ ಐಎಸ್ಒ ಏರಿಸಿಯೋ ಭರ್ತಿ ಮಾಡ್ಬೇಕು. ಈ ಮೂರರ ಲೆಕ್ಕ ಎಲ್ಲಾ ಕಡೆ ಸಿಗತ್ತೆ, ಇಲ್ಲಿ ಎಳೆಯಲ್ಲ.

ಆದ್ರೆ 'ಯಾವುದಕ್ಕೆ ಎಷ್ಟು ಇಡ್ಬೇಕು' ಅಂತ ಪಟ್ಟಿ ಕೇಳ್ತಾರಲ್ಲ, ಆ ಪಟ್ಟಿ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ. ನಡೆಯೋರಿಗೆ ಇಷ್ಟು, ಓಡೋರಿಗೆ ಇಷ್ಟು, ಕಾರಿಗೆ ಇಷ್ಟು ಅಂತ ಬಾಯಿಪಾಠ ಮಾಡೋದಕ್ಕಿಂತ ಒಂದ್ಸಲ ಲೆಕ್ಕ ಮಾಡಿ ನೋಡೋದು ಒಳ್ಳೇದು. ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ನಡೆಯೋ ಮನುಷ್ಯ ಸೆಕೆಂಡಿಗೆ ಸುಮಾರು 140 ಸೆಂಟಿಮೀಟರ್ ಹೋಗ್ತಾನೆ, 1/30ರಲ್ಲಿ ನಾಲ್ಕೂವರೆ ಸೆಂಟಿಮೀಟರ್, 1/250ರಲ್ಲಿ ಅರ್ಧ ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಗಂಟೆಗೆ 60 ಕಿಲೋಮೀಟರ್ ಹೋಗೋ ಕಾರು 1/60ರಲ್ಲಿ ಸುಮಾರು 28 ಸೆಂಟಿಮೀಟರ್, 1/1000ರಲ್ಲೂ ಒಂದೂವರೆ ಸೆಂಟಿಮೀಟರ್ ದಾಟತ್ತೆ. ಅಂದ್ರೆ ಎಷ್ಟೇ ಜೋರು ಇಟ್ರೂ ಚಲನೆ ಸೊನ್ನೆ ಆಗಲ್ಲ, ನಮ್ಮ ಕಣ್ಣಿಗೆ ಕಾಣದಷ್ಟು ಸಣ್ಣ ಆಗತ್ತೆ ಅಷ್ಟೆ. ಮತ್ತೆ ಅದು ಫ್ರೇಮಲ್ಲಿ ಎಷ್ಟು ದೊಡ್ಡದಾಗಿ ಕಾಣತ್ತೆ ಅನ್ನೋದೂ ಮುಖ್ಯ, ಅದೇ ಕಾರು ದೂರದ ಗುಡ್ಡದ ರಸ್ತೆಯಲ್ಲಿ ಚುಕ್ಕಿಯಾಗಿ ಹೋಗ್ತಿದ್ರೆ 1/125 ಸಾಕಾಗಬಹುದು, ಹತ್ತಿರದಿಂದ ಅಡ್ಡ ಹಾದು ಹೋದ್ರೆ 1/1000 ಕೂಡ ಕಮ್ಮಿ, ನೇರ ನಿಮ್ಮ ಕಡೆಗೇ ಬರ್ತಿದ್ರೆ ಇವೆರಡರ ಮಧ್ಯೆ ಎಲ್ಲೋ. ವೇಗ, ದೂರ, ದಿಕ್ಕು ಮೂರನ್ನೂ ನೋಡದೆ ಪಟ್ಟಿ ಹೇಗೆ ಮಾಡೋದು ಹೇಳಿ.

ಇದಕ್ಕಿಂತಲೂ ನನಗೆ ಹೆಚ್ಚು ಕಲಿಸಿದ್ದು ಒಂದು ಉಯ್ಯಾಲೆ. ಅಕ್ಕನ ಮಗಳು ಆಡ್ತಿದ್ಲು, ನಾನು ಪಕ್ಕದಲ್ಲಿ ನಿಂತು ತೆಗೀತಿದ್ದೆ, ಬೆಳಕು ಕಮ್ಮಿ ಆಗ್ತಾ ಬಂದು ಶಟರ್ 1/60ಕ್ಕೆ ಇಳಿದಿತ್ತು. ಮನೆಗೆ ಬಂದು ನೋಡಿದ್ರೆ ಅರ್ಧಕ್ಕರ್ಧ ಫೋಟೋ ಕದಡಿ ಹೋಗಿದೆ, ಇನ್ನರ್ಧದಲ್ಲಿ ಹುಡುಗಿ ಗಾಳೀಲಿ ನಿಂತ ಹಾಗೆ ಚೂಪಾಗಿ ಬಂದಿದಾಳೆ, ಹಾರಿದ ಕೂದಲೆಳೆ ಸಮೇತ. ಸೆಟ್ಟಿಂಗ್ ಎಲ್ಲಾ ಒಂದೇ! ಒಂದೊಂದಾಗಿ ನೋಡ್ತಾ ಹೋದ ಮೇಲೆ ಗೊತ್ತಾಯ್ತು, ಚೂಪಾಗಿ ಬಂದಿದ್ದೆಲ್ಲ ಉಯ್ಯಾಲೆ ತುದಿ ಮುಟ್ಟಿದಾಗಿನವು, ಮುಂದಿನ ತುದಿ ಇಲ್ಲಾ ಹಿಂದಿನ ತುದಿ. ಅಲ್ಲಿ ಉಯ್ಯಾಲೆ ಹೋಗೋದು ನಿಲ್ಲಿಸಿ ವಾಪಸ್ ಬರೋಕೆ ಶುರು ಮಾಡೋ ಮುಂಚೆ ಒಂದು ಗಳಿಗೆ ವೇಗವೇ ಇರಲ್ಲ. ಕೆಳಗೆ, ನಡುವಲ್ಲಿ, ವೇಗ ಎಲ್ಲಕ್ಕಿಂತ ಜಾಸ್ತಿ, ಅಲ್ಲಿ 1/500 ಇಟ್ರೂ ಅನುಮಾನ. ಹೀಗೆ ನಿಲ್ಲೋ ಗಳಿಗೆ ಬೇರೆ ಕಡೇನೂ ಇರತ್ತೆ. ಮೇಲಕ್ಕೆ ಜಿಗಿದವನು ಕೆಳಗೆ ಬರೋ ಮುಂಚೆ, ಮಾತಾಡೋರು ಕೈ ಎತ್ತಿ ತಿರುಗಿಸೋ ಮುಂಚೆ, ಕುಣಿಯೋರು ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗೋ ಮುಂಚೆ. ಡಯಲ್ಲಲ್ಲಿ ಸಿಗದ ಎರಡು ಮೂರು ಸ್ಟಾಪ್ ಈ ಗಳಿಗೆ ಕಾಯೋದ್ರಲ್ಲಿ ಸಿಗತ್ತೆ.

ನಮ್ಮ ಕೈ ನಡುಕಕ್ಕೆ ಹಳೇ ನಿಯಮ ಒಂದಿದೆ, ಲೆನ್ಸ್ ಎಷ್ಟು ಮಿಲಿಮೀಟರೋ ಶಟರ್ ಕನಿಷ್ಠ ಅಷ್ಟರಲ್ಲೊಂದು ಭಾಗ ಇರ್ಬೇಕು. 50 ಮಿಮೀ ಇದ್ರೆ 1/50, 200 ಇದ್ರೆ 1/200. ಇದು ಫುಲ್ ಫ್ರೇಮ್ (ಹಳೇ ಫಿಲ್ಮ್ ಚೌಕದಷ್ಟು ದೊಡ್ಡ ಸೆನ್ಸರ್) ಲೆಕ್ಕ, ಕ್ರಾಪ್, ಅಂದ್ರೆ ಅದಕ್ಕಿಂತ ಚಿಕ್ಕ ಸೆನ್ಸರ್ ಇದ್ರೆ ಒಂದೂವರೆ ಪಟ್ಟು ಜಾಸ್ತಿ ಮಾಡಿ, 50ಕ್ಕೆ 1/80 ಹತ್ರ. ಝೂಮ್ ಮಾಡಿದಷ್ಟೂ ಕೈ ನಡುಕವೂ ದೊಡ್ಡದಾಗತ್ತೆ ಅನ್ನೋದೇ ಇದರ ಹಿಂದಿನ ಮಾತು. ಈಗಿನ ಲೆನ್ಸ್, ಕ್ಯಾಮೆರಾಗಳಲ್ಲಿ ಸ್ಟೆಬಿಲೈಸೇಷನ್ ಇರೋದ್ರಿಂದ ಇನ್ನೂ ನಿಧಾನ ಹೋಗಬಹುದು. ಅದರಿಂದಲೇ ಅವತ್ತು 1/15ರಲ್ಲೂ ಕಿಟಕಿ ಚೂಪಾಗಿ ಬಂದಿತ್ತು. ಆದ್ರೆ ಸ್ಟೆಬಿಲೈಸೇಷನ್ ನಿಲ್ಲಿಸೋದು ನಮ್ಮ ಕೈಯನ್ನ ಮಾತ್ರ, ಎದುರಿಗಿರೋರ ಕೈಯನ್ನ ಅದು ಏನೂ ಮಾಡೋಕೆ ಆಗಲ್ಲ. ಈ ಒಂದು ವಿಷಯ ಮೊದ್ಲೇ ತಲೆಗೆ ಹೋಗಿದ್ರೆ ನನ್ನ ಮೊದಲ ವರ್ಷದ ಅರ್ಧ ಫೋಟೋ ಉಳೀತಿತ್ತು.

ಮಸುಕು ಯಾವಾಗ್ಲೂ ತಪ್ಪು ಅಂತಾನೂ ಅಲ್ಲ. ಸೈಕಲ್ ಸವಾರನ್ನ 1/1000ರಲ್ಲಿ ತೆಗೆದ್ರೆ ಕಡ್ಡಿ ಕಡ್ಡಿ ಎಣಿಸಬಹುದು, ಆದ್ರೆ ಸೈಕಲ್ ನಿಂತಿದೆಯೋ ಹೋಗ್ತಿದೆಯೋ ಗೊತ್ತಾಗಲ್ಲ. ಅದನ್ನೇ 1/30ಕ್ಕೆ ಇಳಿಸಿ, ಅವನು ಬರೋ ಮುಂಚೇನೇ ಅವನನ್ನ ಫ್ರೇಮಲ್ಲಿ ಹಿಡಿದು, ಸೊಂಟದಿಂದ ಮೈ ತಿರುಗಿಸ್ತಾ ಅವನ ಜೊತೆಗೇ ಕ್ಯಾಮೆರಾ ಒಯ್ದು, ನಡುವಲ್ಲಿ ಬಟನ್ ಒತ್ತಿ, ಒತ್ತಿದ ಮೇಲೂ ತಿರುಗೋದು ನಿಲ್ಲಿಸಬೇಡಿ, ಹೆಚ್ಚಿನವರು ತಪ್ಪೋದು ಅಲ್ಲೇ, ಕ್ಲಿಕ್ ಅಂದ ತಕ್ಷಣ ಕೈ ನಿಂತು ಬಿಡತ್ತೆ. ಸರಿಯಾಗಿ ಬಂದ್ರೆ ಮುಖ ಚೂಪು, ಚಕ್ರ ತಿರುಗ್ತಿದೆ, ಹಿಂದಿರೋದೆಲ್ಲ ಅಡ್ಡಡ್ಡ ಗೀಟು. ಇದಕ್ಕೆ ಪ್ಯಾನಿಂಗ್ ಅಂತಾರೆ. ಇಪ್ಪತ್ತು ತೆಗೆದ್ರೆ ಒಂದೋ ಎರಡೋ ಬರತ್ತೆ, ಹಾಗೆ ಬಂದ್ರೂ ಖುಷಿ ಪಡಿ. ಹರಿಯೋ ನೀರೂ ಅಷ್ಟೆ. ಟ್ರೈಪಾಡ್ ಮೇಲೆ ಒಂದು ಸೆಕೆಂಡ್ ಇಟ್ರೆ ರೇಷ್ಮೆ ತರ ಆಗತ್ತೆ, ಹಗಲಲ್ಲಿ ಬೇಕು ಅಂದ್ರೆ ಲೆನ್ಸ್ ಮುಂದೆ ಕಪ್ಪು ಗಾಜಿನಂಥ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿ, ಅದು ಬೆಳಕನ್ನ ಸಾವಿರ ಪಟ್ಟು ಕಮ್ಮಿ ಮಾಡಿ 1/60 ಇದ್ದಿದ್ದನ್ನ 17 ಸೆಕೆಂಡಿಗೆ ಎಳಿಯತ್ತೆ. ನನ್ನ ಮಟ್ಟಿಗೆ ಹಾಲಿನಂತೆ ಪೂರ್ತಿ ನುಣ್ಣಗಾದ ಜಲಪಾತಕ್ಕಿಂತ 1/4, 1/8ರಲ್ಲಿ ತೆಗೆದದ್ದೇ ಇಷ್ಟ, ನೀರಿಗೆ ಇನ್ನೂ ಭಾರ ಇದೆ ಅನ್ಸತ್ತೆ.

ಫ್ಲ್ಯಾಶ್ ಹಾಕೋರಿಗೆ ಒಂದು ಮಾತು. ಆ ಎರಡು ಪರದೆ ಹೇಳಿದ್ನಲ್ಲ, ಸುಮಾರು 1/200 ಅಥವಾ 1/250ರವರೆಗೆ ಮಾತ್ರ ಸೆನ್ಸರ್ ಪೂರ್ತಿ ಒಂದೇ ಸಲ ತೆರೆದಿರತ್ತೆ. ಅದಕ್ಕಿಂತ ಜೋರು ಹೋದ್ರೆ ಮೊದಲ ಪರದೆ ಕೊನೆ ಮುಟ್ಟೋ ಮುಂಚೇನೇ ಎರಡನೇದು ಹೊರಟಿರತ್ತೆ, ಒಂದು ಸೀಳು ಮಾತ್ರ ಸೆನ್ಸರ್ ಮೇಲೆ ಸರೀತಾ ಹೋಗತ್ತೆ. ಮಾಮೂಲಿ ಫ್ಲ್ಯಾಶ್ ಅಷ್ಟರಲ್ಲಿ ಒಂದೇ ಸಲ ಮಿಂಚಿ ಮುಗಿಯೋದ್ರಿಂದ ಫೋಟೋದಲ್ಲಿ ಕಪ್ಪು ಪಟ್ಟಿ ಬರತ್ತೆ. ಕ್ಯಾಮೆರಾ ಕೆಟ್ಟಿದೆ ಅಂತ ಗಾಬರಿ ಆಗ್ಬೇಡಿ, ಶಟರ್ ಇಳಿಸಿ ಸಾಕು. ಕತ್ತಲೆ ಕೋಣೆಯಲ್ಲಿ ಇದೇ ವಿಷಯ ತಿರುಗುಮುರುಗು, ಅಲ್ಲಿ ಶಟರ್ ತೆರೆದೇ ಇದ್ರೂ ಫ್ಲ್ಯಾಶ್ ಮಿಂಚಿದ ಹೊತ್ತು ಮಾತ್ರ ಲೆಕ್ಕ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಹೆರಾಲ್ಡ್ ಎಡ್ಗರ್ಟನ್ ಹಾಲಿನ ಹನಿ ಕಿರೀಟದ ಹಾಗೆ ಚಿಮ್ಮೋದನ್ನ, ಗುಂಡು ಸೇಬನ್ನ ಸೀಳಿ ಹೊರಗೆ ಬರೋದನ್ನ ಹಿಡಿದಿದ್ದು ಹೀಗೇನೇ. ಟ್ಯೂಬ್‌ಲೈಟ್, ಕೆಲವು ಎಲ್ಇಡಿ ಬಲ್ಬ್ ಕೆಳಗೆ ಜೋರು ಶಟರ್ ಇಟ್ಟಾಗ ಪಟ್ಟೆ ಪಟ್ಟೆ ಬಂದ್ರೆ ಅದು ಬೇರೆ ಕಾರಣ, 50 ಹರ್ಟ್ಸ್ ಕರೆಂಟ್ ಇರೋ ಕಡೆ ಆ ದೀಪ ಸೆಕೆಂಡಿಗೆ 100 ಸಲ ಮಿನುಗತ್ತೆ, 1/100 ಇಲ್ಲಾ 1/50ಕ್ಕೆ ಇಟ್ರೆ ಸಾಮಾನ್ಯವಾಗಿ ಹೋಗತ್ತೆ.

ಶುರು ಮಾಡೋಕೆ ಪೂರ್ತಿ ಮ್ಯಾನುಯಲ್ ಬೇಕಿಲ್ಲ. ಡಯಲ್ಲಲ್ಲಿ ಎಸ್ ಅಂತಿರೋ ಮೋಡ್, ಕ್ಯಾನನ್ ಆದ್ರೆ ಟಿವಿ ಅಂತಿರತ್ತೆ, ಟೈಮ್ ವ್ಯಾಲ್ಯೂ ಅಂತ ಅರ್ಥ, ಅದಕ್ಕೆ ತಿರುಗಿಸಿ, ಶಟರ್ ನೀವು ಇಡ್ತೀರಿ, ಉಳಿದದ್ದು ಕ್ಯಾಮೆರಾ ನೋಡ್ಕೊಳತ್ತೆ, ಐಎಸ್ಒ ಆಟೋ ಬಿಡಿ. ಆಮೇಲೆ ನಲ್ಲಿ ಬಿಟ್ಟು ನೀರಿನ ಧಾರೆಯನ್ನ 1/1000ದಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಇಳೀತಾ ಕಾಲು ಸೆಕೆಂಡಿನವರೆಗೆ ತೆಗೀರಿ, ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಮಣಿ ಮಣಿಯಾಗಿದ್ದ ನೀರು ಯಾವ ಮೆಟ್ಟಿಲಲ್ಲಿ ದಾರ ಆಯ್ತು, ಯಾವ ಮೆಟ್ಟಿಲಲ್ಲಿ ಗಾಜಿನ ಕಡ್ಡಿ ಆಯ್ತು ಅಂತ ಒಂದ್ಸಲ ಕಣ್ಣಿಗೆ ಬಿದ್ರೆ ಮತ್ತೆ ಮರೆಯಲ್ಲ. ಐಎಸ್ಒ ಏರಿಸಿದ್ರೆ ಫೋಟೋ ಕಾಳು ಕಾಳಾಗತ್ತೆ, ಆದ್ರೂ ಏರಿಸೋಕೆ ಹೆದರ್ಬೇಡಿ, ಮಸುಕಾದ ಮುಖಕ್ಕಿಂತ ಕಾಳು ಕಾಳಾದ ಮುಖ ಎಷ್ಟೋ ವಾಸಿ, ಕಾಳನ್ನ ಆಮೇಲಾದ್ರೂ ಕಮ್ಮಿ ಮಾಡಬಹುದು.

ಅಜ್ಜಿಯ ಫೋಟೋ ಮತ್ತೆ ತೆಗೆದೆ. ಅದೇ ಕಿಟಕಿ, ಹೆಚ್ಚು ಕಮ್ಮಿ ಅದೇ ಬೆಳಕು. ಈ ಸಲ 1/250 ಇಟ್ಟೆ, ನಾಲ್ಕು ಸ್ಟಾಪ್ ಬೆಳಕು ಹೋಗಿದ್ದಕ್ಕೆ ಐಎಸ್ಒ 400ರಿಂದ 6400ಕ್ಕೆ ಏರ್ತು. ಸೂಜಿ ಬಂತು, ದಾರದ ತುದಿ ಬಿಚ್ಚಿ ಎರಡೆಳೆ ಆಗಿರೋದೂ ಬಂತು, ಬೆರಳು ಎಲ್ಲಾ ಕಲ್ಲಲ್ಲಿ ಕೆತ್ತಿದ ಹಾಗೆ. ಆದ್ರೆ ಆ ಕೈ ನಡುಗ್ತಾ ಇತ್ತು ಅಂತ ಅದನ್ನ ನೋಡಿ ಯಾರಿಗೂ ಗೊತ್ತಾಗಲ್ಲ, ದಾರ ಪೋಣಿಸೋದು ಅವಳಿಗೆ ಎಷ್ಟು ಹೊತ್ತಿನ ಕೆಲಸ ಅಂತ ಗೊತ್ತಾಗಲ್ಲ. ನನಗೆ ಸಮಾಧಾನ ಆಗ್ಲಿಲ್ಲ. ಇನ್ನೊಂದ್ಸಲ ಅಂದೆ. "ಎಷ್ಟು ಸಲ ತೆಗಿತೀಯೋ, ಸೂಜಿ ಕಾಣದಿದ್ರೆ ಏನಾಯ್ತು, ನಾನು ಕಾಣ್ತೀನಲ್ಲ" ಅಂದ್ಲು, ಆದ್ರೂ ದಾರ ಎಳೆದು ತೆಗೆದು ಮತ್ತೆ ಪೋಣಿಸೋಕೆ ಕೂತ್ಲು.

1/30ಕ್ಕೆ ಇಟ್ಟೆ. ದಾರ ಸೂಜಿ ಹತ್ರ ಬರತ್ತೆ, ತಪ್ಪತ್ತೆ, ವಾಪಸ್ ಹೋಗತ್ತೆ, ತುದಿ ಬಾಯಲ್ಲಿ ಒದ್ದೆ ಮಾಡ್ಕೊತಾಳೆ, ಮತ್ತೆ ಬರತ್ತೆ. ಅಷ್ಟೂ ಹೊತ್ತು ನಾನು ಒತ್ತಲಿಲ್ಲ. ದಾರ ತೂತಿನ ಬಾಯಿಗೆ ತಾಗಿದಾಗ ಅಜ್ಜಿ ಉಸಿರು ಹಿಡಿದ್ಲು, ಕೈ ತಾನಾಗೇ ನಿಂತ್ಕೊಳ್ತು, ಉಯ್ಯಾಲೆ ತುದಿ ಮುಟ್ಟಿದ ಹಾಗೆ. ಆಗ ಒತ್ತಿದೆ. ಆ ಫೋಟೋದಲ್ಲಿ ಸೂಜಿ ಹಿಡಿದ ಎಡಗೈ ಚೂಪಾಗಿದೆ, ಸೂಜಿ ಒಂದು ಸಣ್ಣ ಬಿಳಿ ಗೀಟಾಗಿ ಕಾಣತ್ತೆ, ದಾರ ಹಿಡಿದ ಬಲಗೈ ಬೆರಳಿನ ಅಂಚು ಮಾತ್ರ ಒಂದು ಚೂರು ಕದಡಿದೆ.